ಸುಮ್ನೆ ಕೂರುವ ಸೀಟಲ್ಲ ಅದು

ನಾಗರಿಕ ವಿಮಾನಯಾನ ಮಹಾನಿರ್ದೇಶಕರಿಗೆ,
ನಮ್ಮ ದೇಶದ ವಿಮಾನ ಕಂಪನಿಗಳನ್ನು ನಡೆಸುತ್ತಿರುವ ಎಲ್ಲರಿಗೆ,

ನಮಸ್ಕಾರ.

ನಾನು 12 ವರ್ಷ ಕ್ಯಾಬಿನ್ ಕ್ರೂ ಆಗಿ ಕೆಲಸ ಮಾಡಿದವಳು. ಕೊನೆಯ ಐದಾರು ವರ್ಷ ಇನ್‌ಚಾರ್ಜ್, ಅಂದರೆ ವಿಮಾನದೊಳಗಿನ ಕ್ರೂ ತಂಡದ ಮುಖ್ಯಸ್ಥೆ ಆಗಿದ್ದೆ. ಈಗ ಕೆಲಸ ಬಿಟ್ಟು ಮಂಗಳೂರಿನ ಮನೆಯಲ್ಲಿದ್ದೇನೆ. ಕೆಲಸದಲ್ಲಿದ್ದಾಗ ಬರೆಯಲು ಧೈರ್ಯ ಬಾರದ ಪತ್ರವನ್ನು ಈಗ ಬರೆಯುತ್ತಿದ್ದೇನೆ. ವಿಷಯ ಜಂಪ್ ಸೀಟ್.

ವಿಮಾನ ಹತ್ತಿದವರೆಲ್ಲ ಅದನ್ನು ನೋಡಿರುತ್ತಾರೆ. ಬಾಗಿಲ ಪಕ್ಕದ ಗೋಡೆಗೆ ಅಂಟಿಕೊಂಡಿರುವ ಮಡಚುವ ಸೀಟು. ವಿಮಾನ ಏರುವಾಗ, ಇಳಿಯುವಾಗ ನಾವು ಕೂರುವುದು ಅಲ್ಲೇ. ಪ್ರಯಾಣಿಕರಿಗೆ ಸೊಂಟಕ್ಕೆ ಮಾತ್ರ ಬೆಲ್ಟ್, ನಮಗೆ ಹೆಗಲ ಮೇಲಿಂದಲೂ ಪಟ್ಟಿ ಬರುತ್ತದೆ. ನಾವು ಎದ್ದ ಕೂಡಲೇ ಸೀಟು ತಾನಾಗಿಯೇ ಮಡಚಿಕೊಳ್ಳುತ್ತದೆ. ಓಡುವವರ ದಾರಿಗೆ ಅದು ಅಡ್ಡ ಬರಬಾರದು ಅಂತ ಹಾಗೆ ಮಾಡಿರುವುದು.

50 ಪ್ರಯಾಣಿಕರ ಸೀಟಿಗೆ ಒಬ್ಬರು ಕ್ರೂ ಇರಬೇಕು ಎಂಬುದು ಲೆಕ್ಕ. 180 ಅಥವಾ 186 ಸೀಟಿನ ಏರ್‌ಬಸ್ ಎ320ರಲ್ಲಿ ನಾವು ನಾಲ್ವರು ಇರುತ್ತೇವೆ. ಸೀಟು ಜೋಡಿಸಿರುವ ರೀತಿ ನೋಡಿಕೊಂಡು, ಹಲವು ವಿಮಾನಗಳಲ್ಲಿ ನಾಲ್ವರೂ ಕೂತ ಮೇಲೆ ಒಂದೆರಡು ಜಂಪ್ ಸೀಟ್ ಖಾಲಿ ಉಳಿಯುತ್ತವೆ. ಶಿವಮೊಗ್ಗ, ಮೈಸೂರಿಗೆ ಬರುವ ಚಿಕ್ಕ ಎಟಿಆರ್ ವಿಮಾನದಲ್ಲಿ ಈ ಪ್ರಶ್ನೆಯೇ ಇಲ್ಲ. ಅಲ್ಲಿ ಇಬ್ಬರು ಕ್ರೂ, ಅವರಿಗೆ ಎರಡು ಸೀಟು, ಮುಗಿಯಿತು. ಉಳಿದ ಕಡೆ ಪ್ರಶ್ನೆ ಇದೆ. ವಿಮಾನ ತುಂಬಿದೆ, ಆ ಒಂದು ಸೀಟು ಖಾಲಿ ಇದೆ. ಕಂಪನಿಯ ಯಾವ ನೌಕರ ಅಲ್ಲಿ ಕೂರಬಹುದು?

ಹೊರಗಿನವರಿಗೆ ಇದು ಸಣ್ಣ ಮಾತು ಅನ್ನಿಸಬಹುದು. ನಮ್ಮ ಸ್ಟಾಫ್ ಟಿಕೆಟ್ ಹೇಗಿರುತ್ತದೆ ಅಂತ ಹೇಳಿದರೆ ಅರ್ಥವಾಗುತ್ತದೆ. ದುಡ್ಡು ಕಡಿಮೆ, ಆದರೆ ಸೀಟು ಗ್ಯಾರಂಟಿ ಇಲ್ಲ. ಸಬ್‌ಲೋಡ್ ಅನ್ನುತ್ತಾರೆ. ಪೂರ್ತಿ ಹಣ ಕೊಟ್ಟವರೆಲ್ಲ ಹತ್ತಿದ ಮೇಲೆ ಉಳಿದರೆ ನಮಗೆ. ಕೌಂಟರ್ ಪಕ್ಕದಲ್ಲಿ ಬ್ಯಾಗ್ ಹಿಡಿದು, ಕಂಪ್ಯೂಟರ್ ಮುಂದೆ ಕೂತವರ ಮುಖವನ್ನೇ ನೋಡುತ್ತ ನಿಂತವರನ್ನು ನೀವು ಕಂಡಿದ್ದರೆ, ಅವರಲ್ಲಿ ನಮ್ಮವರೂ ಇರುತ್ತಾರೆ. ದೀಪಾವಳಿ, ಮೇ ರಜೆಯಲ್ಲಂತೂ ಆ ಟಿಕೆಟ್ ಇದ್ದೂ ಇಲ್ಲದ ಹಾಗೆ. ಕೆಲಸ ಒಂದೂರಲ್ಲಿ, ಮನೆ ಇನ್ನೊಂದೂರಲ್ಲಿ ಇರುವವರಿಗೆ ಆ ಒಂದು ಖಾಲಿ ಸೀಟು ಎಷ್ಟು ದೊಡ್ಡದು ಅಂತ ನಿಂತು ಕಾದವರಿಗೇ ಗೊತ್ತು.

ನಾನು ಇನ್‌ಚಾರ್ಜ್ ಆಗಿದ್ದ ಒಂದು ಸಂಜೆ. ಮುಂಬೈನಿಂದ ಬೆಂಗಳೂರಿಗೆ ಹೊರಟ ವಿಮಾನ. ಒಂದು ಸೀಟೂ ಉಳಿದಿರಲಿಲ್ಲ. ನಮ್ಮದೇ ಕಂಪನಿಯ ಅಕೌಂಟ್ಸ್ ವಿಭಾಗದ ಹುಡುಗನೊಬ್ಬ ಬಾಗಿಲವರೆಗೆ ಬಂದ. ತುಮಕೂರಿನವನು. ಮರುದಿನ ಬೆಳಿಗ್ಗೆ ಅಕ್ಕನ ನಿಶ್ಚಿತಾರ್ಥ. ನನ್ನ ಹೆಸರಿನ ಬ್ಯಾಡ್ಜ್ ನೋಡಿ ಕನ್ನಡದಲ್ಲೇ ಕೇಳಿದ. "ಅಕ್ಕಾ, ಹಿಂದುಗಡೆ ನಿಮ್ಮ ಸೀಟು ಒಂದು ಖಾಲಿ ಇದೆ ಅಲ್ವಾ? ನಾನು ಸುಮ್ನೆ ಕೂತ್ಕೋತೀನಿ. ಏನೂ ಮುಟ್ಟಲ್ಲ."

ನಾನು ಇಲ್ಲ ಅಂದೆ. ಅವನು ಕಣ್ಣು ಒರೆಸಿಕೊಂಡು ವಾಪಸ್ ಹೋದ. ಅಷ್ಟರಲ್ಲಿ ಕಚೇರಿಯ ಮೇಲಿನವರೊಬ್ಬರಿಂದ ಫೋನ್ ಬಂತು. "ಒಬ್ಬನನ್ನು ಕೂರಿಸಿದರೆ ನಿಮ್ಮ ಗಂಟೇನು ಹೋಗುತ್ತೆ?" ಅಂತ. ಕ್ಯಾಪ್ಟನ್ ನನ್ನ ಜೊತೆ ನಿಂತರು, ಹಾಗಾಗಿ ವಿಮಾನ ಅವನಿಲ್ಲದೆ ಹೊರಟಿತು. ಮೂರು ದಿನ ಬಿಟ್ಟು ನನಗೆ ಒಂದು ಮೇಲ್ ಬಂತು. ಸಹೋದ್ಯೋಗಿಗೆ ಸಹಕಾರ ಕೊಟ್ಟಿಲ್ಲ, ವಿವರಣೆ ಕೊಡಿ ಅಂತ. ಕೊಟ್ಟೆ. ಇವತ್ತು ಅದೇ ಹುಡುಗ ಬಂದು ಕೇಳಿದರೂ ನಾನು ಇಲ್ಲ ಅಂತಲೇ ಹೇಳುತ್ತೇನೆ. ಅವನ ಮುಖ ಮಾತ್ರ ಇನ್ನೂ ಮರೆತಿಲ್ಲ.

ಯಾಕೆ ಇಲ್ಲ ಅಂದೆ ಅನ್ನೋದನ್ನು ಬಿಡಿಸಿ ಹೇಳಬೇಕು.

ವಿಮಾನ ರನ್‌ವೇ ಮೇಲೆ ಓಡಲು ಶುರುಮಾಡಿದಾಗ ನಾವು ಜಂಪ್ ಸೀಟಿನಲ್ಲಿ ಸುಮ್ಮನೆ ಕೂತಂತೆ ಕಾಣುತ್ತೇವೆ. ಒಳಗೆ ಒಂದು ಲೆಕ್ಕ ನಡೆಯುತ್ತಿರುತ್ತದೆ. ಸೈಲೆಂಟ್ ರಿವ್ಯೂ ಅನ್ನುತ್ತೇವೆ. ಈಗಲೇ ಏನಾದರೂ ಆದರೆ ನನ್ನ ಬಾಗಿಲು ಯಾವುದು? ಹಿಡಿ ಯಾವ ಕಡೆಗೆ ಎತ್ತಬೇಕು? ಹೊರಗೆ ಬೆಂಕಿ ಇದೆಯೇ ಅಂತ ಮೊದಲು ಕಿಟಕಿಯಲ್ಲಿ ನೋಡಬೇಕು. ಏನು ಕೂಗಬೇಕು? ಸಹಾಯಕ್ಕೆ ಯಾರನ್ನು ಕರೆಯಬೇಕು, ಮೂರನೇ ಸಾಲಿನ ಆ ಗಟ್ಟಿಮುಟ್ಟಾದ ಯಜಮಾನರನ್ನೇ? ಕೂಸು ಎತ್ತಿಕೊಂಡ ತಾಯಿ ಎಲ್ಲಿದ್ದಾಳೆ? ಪ್ರತಿ ಟೇಕಾಫ್‌ಗೂ, ಪ್ರತಿ ಲ್ಯಾಂಡಿಂಗ್‌ಗೂ ಇದೇ. ಏರಿದ ಮೊದಲ ಮೂರು ನಿಮಿಷ, ಇಳಿಯುವ ಮೊದಲಿನ ಎಂಟು ನಿಮಿಷ ಜಾಸ್ತಿ ಅಪಾಯದವು ಎಂದು ತರಬೇತಿಯಲ್ಲಿ ತಲೆಗೆ ತುಂಬಿರುತ್ತಾರೆ. ದೊಡ್ಡ ವಿಮಾನ ಮಾಡುವ ಕಂಪನಿ, ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ 90 ಸೆಕೆಂಡಿನಲ್ಲಿ ಎಲ್ಲರನ್ನೂ ಹೊರಗೆ ಕಳಿಸಬಹುದು ಅಂತ ತೋರಿಸಬೇಕು. ಆ 90 ಸೆಕೆಂಡ್ ಶುರುವಾಗುವುದು ಜಂಪ್ ಸೀಟಿನಿಂದ.

ಇನ್ನು ಬಾಗಿಲಿನ ಮಾತು. ವಿಮಾನ ಹೊರಡುವಾಗ ಬಾಗಿಲನ್ನು ಆರ್ಮ್ ಮಾಡಿರುತ್ತೇವೆ. ಆಗ ಹಿಡಿ ಎತ್ತಿದರೆ ಕೆಲವೇ ಸೆಕೆಂಡಿನಲ್ಲಿ ಜಾರುಬಂಡೆ ಉಬ್ಬಿ ಹೊರಗೆ ಚಿಮ್ಮುತ್ತದೆ. ಗಾಬರಿಯಲ್ಲಿ ಕೈ ಅಲ್ಲಿಗೆ ಹೋದರೆ ಹತ್ತಿರ ನಿಂತವರ ಪ್ರಾಣಕ್ಕೇ ಕುತ್ತು. ಆ ತುಮಕೂರಿನ ಹುಡುಗ ಒಳ್ಳೆಯವನೇ. ಏನೂ ಮುಟ್ಟುವುದಿಲ್ಲ ಅಂದ ಮಾತೂ ನಿಜ ಇರಬಹುದು. ಆದರೆ ಆ ಸೀಟಿನಲ್ಲಿ ಕೂತವರು ಬೇಕಾದಾಗ ಮುಟ್ಟಲೇಬೇಕು. ಅವರು ಅಲ್ಲಾಡದೆ ಕೂತರೆ ನನ್ನ ದಾರಿಗೇ ಅಡ್ಡ. ಪ್ರಯಾಣಿಕರು ಓಡಿ ಬಂದಾಗ ಜಂಪ್ ಸೀಟಿನಲ್ಲಿ ಇರುವವರ ಮುಖವನ್ನೇ ನೋಡುತ್ತಾರೆ. ಇವರಿಗೆ ಗೊತ್ತಿದೆ ಅಂತ ನಂಬುತ್ತಾರೆ.

ಪತ್ರಿಕೆಗಳು ನಮ್ಮನ್ನು ಗಗನಸಖಿ ಎಂದು ಬರೆಯುತ್ತವೆ. ಚೆಂದದ ಪದ, ಬೇಸರವಿಲ್ಲ. ಆದರೆ ಆ ಪದ ಕೇಳಿದವರಿಗೆ ಟ್ರಾಲಿ ಕಾಣುತ್ತದೆ, ಬಾಗಿಲು ಕಾಣುವುದಿಲ್ಲ.

2010ರ ಮೇ 22ರಂದು ದುಬೈನಿಂದ ಬಂದ ವಿಮಾನ ನಮ್ಮ ಬಜ್ಪೆಯ ರನ್‌ವೇ ದಾಟಿ ಕೆಳಗೆ ಬಿತ್ತು. 158 ಜನ ಹೋದರು. ಉಳಿದವರು ಎಂಟೇ ಜನ. ಅವರು ಮುರಿದ ಭಾಗದಿಂದ ಹೊರಬಂದವರು. ಆರು ಮಂದಿ ಸಿಬ್ಬಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಆಗ ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದೆ, ಈ ಕೆಲಸಕ್ಕೆ ಸೇರುವ ಆಸೆ ಇಟ್ಟುಕೊಂಡಿದ್ದೆ. ಅಮ್ಮ ಎರಡು ದಿನ ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಮಾತು, "ಎಂತಕ್ಕೆ ಬೇಕು ನಿನಗೆ ಆ ಕೆಲಸ?" ಮರುವರ್ಷ ಸೇರಿದೆ. ಮೊದಲ ಸಲ ಬಜ್ಪೆಯಲ್ಲಿ ಇಳಿಯುವಾಗ ಮುಂದಿನ ಜಂಪ್ ಸೀಟಿನಲ್ಲಿ ಕೂತು ನಾನು ಮಾಡಿದ ಸೈಲೆಂಟ್ ರಿವ್ಯೂ ಇವತ್ತಿಗೂ ಅಕ್ಷರ ಅಕ್ಷರ ನೆನಪಿದೆ. ಆ ಸೀಟಿನ ವಿಷಯದಲ್ಲಿ ನಾನು ಯಾಕೆ ಇಷ್ಟು ಬಿಗಿ ಅಂತ ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ನನ್ನಲ್ಲಿಲ್ಲ.

ಈಗ ಇನ್ನೊಂದು ಸಂಜೆ. ಕೆಲವು ವರ್ಷಗಳ ನಂತರದ್ದು. ನನ್ನ ಬೇಸ್, ಅಂದರೆ ಡ್ಯೂಟಿ ಶುರುವಾಗುವ ಊರು, ದೆಹಲಿ. ಮಂಗಳೂರಿನಿಂದ ಅಣ್ಣ ಫೋನ್ ಮಾಡಿದ. ಅಪ್ಪನಿಗೆ ಸ್ಟ್ರೋಕ್ ಆಗಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ, ಬೆಳಿಗ್ಗೆ ಆಪರೇಷನ್ ಅಂದ. ರಾತ್ರಿಯ ಕೊನೆಯ ವಿಮಾನದಲ್ಲಿ ಬೆಂಗಳೂರು ತಲುಪಿದರೆ ಬೆಳಗಿನ ಮೊದಲ ವಿಮಾನಕ್ಕೆ ಮಂಗಳೂರು. ಸಬ್‌ಲೋಡ್ ಪಟ್ಟಿಯಲ್ಲಿ ನನ್ನದೇ ಮೊದಲ ಹೆಸರು. ವಿಮಾನ ತುಂಬಿತು. ಹಿಂದೆ ಒಂದು ಜಂಪ್ ಸೀಟ್ ಖಾಲಿ ಇತ್ತು. ಇನ್‌ಚಾರ್ಜ್ ನನ್ನ ಬ್ಯಾಚಿನವಳೇ. ಬಾ ಅಂದಳು. ಕ್ಯಾಪ್ಟನ್ ಕೂಡ ಹೂಂ ಅಂದರು. ಎಂಟು ದಿನದ ಹಿಂದಷ್ಟೇ ನಾನು ಆ ವರ್ಷದ ಸೆಪ್ ಟ್ರೈನಿಂಗ್, ಅಂದರೆ ಸುರಕ್ಷತೆ ಮತ್ತು ತುರ್ತು ಕ್ರಮಗಳ ತರಬೇತಿ ಮುಗಿಸಿದ್ದೆ. ಅದೇ ಬಾಗಿಲಿನ ಮಾದರಿ ಮುಂದೆ ನಿಂತು, ಕೂಗಿ, ಹಿಡಿ ಎತ್ತಿ, ಪಾಸಾಗಿ ಬಂದಿದ್ದೆ.

ಗ್ರೌಂಡ್ ಡ್ಯೂಟಿ ಮ್ಯಾನೇಜರ್ ತಲೆ ಅಲ್ಲಾಡಿಸಿದರು. "ಮ್ಯಾನ್ಯುಯಲ್‌ನಲ್ಲಿ ಸರಿಯಾಗಿ ಬರೆದಿಲ್ಲ ಮೇಡಂ. ಮೇಲಿನವರು ಹೇಳಿದರೆ ಹತ್ತಿಸ್ತೀನಿ." ಮೇಲಿನವರ ಫೋನ್ ಎತ್ತುವವರು ಆ ಹೊತ್ತಿನಲ್ಲಿ ಯಾರೂ ಇರಲಿಲ್ಲ. ಬಾಗಿಲು ಹಾಕಿದರು. ಗಾಜಿನ ಈಚೆ ನಿಂತು ವಿಮಾನ ಹಿಂದಕ್ಕೆ ಸರಿಯುವುದನ್ನು ನೋಡಿದೆ. ಆ ಮ್ಯಾನೇಜರ್ ಮೇಲೆ ನನಗೆ ಸಿಟ್ಟಿಲ್ಲ. ಬರೆದಿಲ್ಲದ್ದನ್ನು ಮಾಡಿದ್ದರೆ ನಾಳೆ ಅವರ ಕುತ್ತಿಗೆಗೇ ಬರುತ್ತಿತ್ತು.

ಮರುದಿನ ಮಧ್ಯಾಹ್ನ ಮಂಗಳೂರು ಸೇರಿದೆ. ಅಪ್ಪನನ್ನು ಒಂಬತ್ತಕ್ಕೇ ಒಳಗೆ ಕರೆದುಕೊಂಡು ಹೋಗಿದ್ದರು. ಹೋಗುವ ಮುಂಚೆ ಅಣ್ಣನನ್ನು ಕೇಳಿದ್ದರಂತೆ, "ಅವಳು ಎಲ್ಲಿಗೆ ಮುಟ್ಟಿದಳು?" ಅಪ್ಪ ಬದುಕಿದರು. ಆದರೆ ಮಾತು ಮೊದಲಿನ ಹಾಗೆ ಮತ್ತೆ ಬರಲಿಲ್ಲ.

ಆ ಹುಡುಗನಿಗೆ ಇಲ್ಲ ಅಂದವಳೂ ನಾನೇ, ನನಗೆ ಇಲ್ಲ ಅಂದಾಗ ಅತ್ತವಳೂ ನಾನೇ. ಇದನ್ನು ಎರಡು ನಾಲಗೆ ಅನ್ನಬೇಡಿ. ನಾನು ಕೇಳುತ್ತಿರುವುದು ಒಂದೇ. ಆ ಸೀಟಿಗೆ ಅರ್ಹತೆ ಅಂದರೆ ತರಬೇತಿ ಎಂದು ಬರೆದಿಡಿ. ಹುದ್ದೆ, ಪರಿಚಯ, ಕಷ್ಟ, ಕಣ್ಣೀರು ಯಾವುದೂ ಅಲ್ಲಿ ಲೆಕ್ಕಕ್ಕೆ ಬರಬಾರದು. ತರಬೇತಿ ಇದ್ದವರಿಗೆ ಅದು ಯಾರದೋ ಕೃಪೆ ಆಗಬಾರದು, ತರಬೇತಿ ಇಲ್ಲದವರಿಗೆ ಯಾರ ಫೋನಿನಿಂದಲೂ ಸಿಗಬಾರದು.

ಈಗ ಒಂದು ಕಂಪನಿಯಲ್ಲಿ ಒಂದು ಪದ್ಧತಿ, ಇನ್ನೊಂದರಲ್ಲಿ ಇನ್ನೊಂದು. ಕೆಲವು ಕಡೆ ಮ್ಯಾನ್ಯುಯಲ್ ಒಂದು ಹೇಳುತ್ತದೆ, ರಾತ್ರಿ ಹನ್ನೊಂದಕ್ಕೆ ಗೇಟಿನಲ್ಲಿ ನಡೆಯುವುದು ಮತ್ತೊಂದು. ಆ ಮ್ಯಾನ್ಯುಯಲ್‌ಗಳಿಗೆ ಒಪ್ಪಿಗೆ ಕೊಡುವವರು, ಮಹಾನಿರ್ದೇಶಕರೇ, ನೀವು. ಹಾಗಾಗಿಯೇ ಈ ಪತ್ರ ನಿಮಗೆ.

ಕಾಕ್‌ಪಿಟ್ ವಿಷಯದಲ್ಲಿ ನೀವು ಎಷ್ಟು ಗಟ್ಟಿ ನಿಲ್ಲುತ್ತೀರಿ ಅಂತ ನಾವು ನೋಡಿದ್ದೇವೆ. 2023ರ ಫೆಬ್ರವರಿಯಲ್ಲಿ ದೆಹಲಿ-ದುಬೈ ಮಾರ್ಗದ ಏರ್ ಇಂಡಿಯಾ ವಿಮಾನದಲ್ಲಿ, ಪ್ರಯಾಣಿಕಳಾಗಿ ಬರುತ್ತಿದ್ದ ಕಂಪನಿಯ ಉದ್ಯೋಗಿಯನ್ನು ಪೈಲಟ್ ಕಾಕ್‌ಪಿಟ್ ಒಳಗೆ ಕರೆದಿದ್ದರು. ನೀವು ಕಂಪನಿಗೆ 30 ಲಕ್ಷ ರೂಪಾಯಿ ದಂಡ ಹಾಕಿದಿರಿ. ಪೈಲಟ್ ಲೈಸೆನ್ಸ್ ಮೂರು ತಿಂಗಳು ಅಮಾನತು ಮಾಡಿದಿರಿ. ತಡೆಯಲಿಲ್ಲ ಅಂತ ಸಹಪೈಲಟ್‌ಗೂ ಎಚ್ಚರಿಕೆ ಕೊಟ್ಟಿರಿ. ಅದನ್ನು ವರದಿ ಮಾಡಿದ್ದು ಕ್ಯಾಬಿನ್ ಕ್ರೂ ಒಬ್ಬರು. ಕಂಪನಿಯ ಗುರುತಿನ ಚೀಟಿ ಇದ್ದ ಮಾತ್ರಕ್ಕೆ ಎಲ್ಲ ಬಾಗಿಲೂ ತೆರೆಯುವುದಿಲ್ಲ ಅಂತ ಅವತ್ತು ಎಲ್ಲರಿಗೂ ಅರ್ಥವಾಯಿತು. ಬಾಗಿಲ ಪಕ್ಕದ ಜಂಪ್ ಸೀಟಿಗೂ ಅಷ್ಟೇ ಸ್ಪಷ್ಟತೆ ಬೇಕು.

ಸ್ಪಷ್ಟತೆ ಇಲ್ಲದಿದ್ದರೆ ಗೇಟಿನ ಗಡಿಬಿಡಿಯಲ್ಲಿ ಏನು ಬೇಕಾದರೂ ಆಗಬಹುದು. 2024ರ ಮೇ 21ರಂದು ಮುಂಬೈನಿಂದ ವಾರಾಣಸಿಗೆ ಹೊರಟಿದ್ದ ಇಂಡಿಗೋ ವಿಮಾನದಲ್ಲಿ ಹಿಂದುಗಡೆ ಒಬ್ಬರು ನಿಂತೇ ಇದ್ದದ್ದು ಕಂಡು ವಿಮಾನವನ್ನು ವಾಪಸ್ ತಂದರು. ಖಚಿತ ಟಿಕೆಟ್ ಇದ್ದವರ ಸೀಟನ್ನು ಸ್ಟ್ಯಾಂಡ್‌ಬೈನಲ್ಲಿದ್ದವರಿಗೆ ಕೊಟ್ಟದ್ದೇ ತಪ್ಪು ಎಂದು ಕಂಪನಿ ಹೇಳಿತು. ಆ ದಿನ ಸರಿಯಾದ ಸಮಯಕ್ಕೆ ಕಣ್ಣಿಗೆ ಬಿತ್ತು. ಒಳಗೆ ಎಷ್ಟು ಜನ ಇದ್ದಾರೆ ಅನ್ನುವ ಲೆಕ್ಕವೇ ತಪ್ಪಿದರೆ, ಬೆಂಕಿ ಬಿದ್ದ ಹೊತ್ತಿಗೆ ಯಾರನ್ನು ಅಂತ ಹುಡುಕುವುದು? ಜಂಪ್ ಸೀಟಿನಲ್ಲಿ ಬರುವವರ ಹೆಸರು, ತೂಕ ಎಲ್ಲ ಲೋಡ್ ಶೀಟಿನಲ್ಲಿ, ಅಂದರೆ ವಿಮಾನದ ಜನ ಮತ್ತು ಭಾರದ ಲೆಕ್ಕದ ಹಾಳೆಯಲ್ಲಿ ಇರಲೇಬೇಕು.

ಅಮೆರಿಕದಲ್ಲಿ ಈ ಪದ್ಧತಿ ಹಳೆಯದು. ಅಲ್ಲಿ ಒಂದೂರಲ್ಲಿ ಮನೆ, ಇನ್ನೊಂದೂರಲ್ಲಿ ಬೇಸ್ ಇರುವ ಸಿಬ್ಬಂದಿ ಬಹಳ. ಪೈಲಟ್‌ಗಳು ಕಾಕ್‌ಪಿಟ್‌ನ ಹೆಚ್ಚುವರಿ ಸೀಟಿನಲ್ಲಿ ಹೋಗುತ್ತಾರೆ. ಅದಕ್ಕೂ ಮುಂಚೆ ಅವರು ನಿಜವಾಗಿ ಕೆಲಸದಲ್ಲಿದ್ದಾರೆಯೇ ಅಂತ ಕಂಪ್ಯೂಟರ್‌ನಲ್ಲಿ ನೋಡುತ್ತಾರೆ. 2001ರ ಸೆಪ್ಟೆಂಬರ್ ದಾಳಿಯ ಬಳಿಕ ಬಂದ ವ್ಯವಸ್ಥೆ ಅದು. ಕ್ಯಾಬಿನ್ ಜಂಪ್ ಸೀಟ್ ಸಾಮಾನ್ಯವಾಗಿ ಅದೇ ಕಂಪನಿಯ ತರಬೇತಾದ ಕ್ರೂಗೆ ಮಾತ್ರ. ಕ್ಯಾಪ್ಟನ್ ಬೇಡ ಅಂದರೆ ಬೇಡ.

ಅಲ್ಲಿಯೂ ಎಡವಿದ್ದಾರೆ. ಅದನ್ನು ಮುಚ್ಚಿಟ್ಟು ಕೇಳುವುದು ಸರಿಯಲ್ಲ. 2023ರ ಅಕ್ಟೋಬರ್ 22ರಂದು ಎವರೆಟ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುತ್ತಿದ್ದ ವಿಮಾನದ ಕಾಕ್‌ಪಿಟ್ ಜಂಪ್ ಸೀಟಿನಲ್ಲಿ, ಅವತ್ತು ಡ್ಯೂಟಿ ಇಲ್ಲದ ಪೈಲಟ್ ಒಬ್ಬ ಕೂತಿದ್ದ. ಹಾರಾಟದ ನಡುವೆಯೇ ಎಂಜಿನ್ ನಿಲ್ಲಿಸುವ ಹಿಡಿಗಳನ್ನು ಎಳೆಯಲು ಹೋದ. ಇಬ್ಬರು ಪೈಲಟ್‌ಗಳು ತಡೆದರು. ವಿಮಾನ ಪೋರ್ಟ್‌ಲ್ಯಾಂಡ್‌ನಲ್ಲಿ ಇಳಿಯಿತು. ಅವನಿಗೆ ತರಬೇತಿ ಇತ್ತು, ಕಾರ್ಡ್ ಇತ್ತು, ಎಲ್ಲ ಇತ್ತು. ಅವತ್ತು ಅವನ ಮನಸ್ಸು ನೆಟ್ಟಗಿರಲಿಲ್ಲ. ಆದ್ದರಿಂದಲೇ ಕಾಗದದ ಜೊತೆ ಎದುರಿನವರ ಕಣ್ಣೂ ಬೇಕು. ಹತ್ತುವವರನ್ನು ಇನ್‌ಚಾರ್ಜ್ ಎರಡು ನಿಮಿಷ ಮಾತಾಡಿಸಲಿ. ನಿದ್ದೆ ಆಗಿದೆಯೇ, ಸುಧಾರಿಸಿಕೊಂಡಿದ್ದಾರೆಯೇ, ಬಾಗಿಲು ಆಡಿಸುವ ಸ್ಥಿತಿಯಲ್ಲಿದ್ದಾರೆಯೇ ನೋಡಲಿ. ಡ್ಯೂಟಿಗೆ ಮುಂಚೆ ನಾವು ಮಾಡಿಸಿಕೊಳ್ಳುವ ಬಿಎ ಟೆಸ್ಟ್, ಅಂದರೆ ಕುಡಿದಿಲ್ಲ ಅಂತ ನೋಡುವ ಉಸಿರಿನ ಪರೀಕ್ಷೆ, ಅವರಿಗೂ ಇರಲಿ. ಇನ್‌ಚಾರ್ಜ್‌ಗೆ ಸರಿ ಕಾಣದಿದ್ದರೆ ಬೇಡ ಅನ್ನಲಿ, ಕ್ಯಾಪ್ಟನ್‌ಗೆ ಕಾಣದಿದ್ದರೆ ಅವರೂ ಅನ್ನಲಿ. ಹಾಗೆ ಬೇಡ ಅಂದವರಿಗೆ ಮೂರು ದಿನ ಬಿಟ್ಟು ವಿವರಣೆ ಕೇಳುವ ಮೇಲ್ ಹೋಗಬಾರದು. ಇದನ್ನು ನಿಯಮದಲ್ಲೇ ಬರೆಯಿರಿ. ಆ ಮೇಲ್‌ನ ಭಯಕ್ಕೇ ಹಲವು ಹುಡುಗಿಯರು ಹೂಂ ಅಂದುಬಿಡುತ್ತಾರೆ.

ನನಗೆ ಇನ್ನೊಂದು ದೊಡ್ಡ ಹೆದರಿಕೆ ಇದೆ. ಇಲ್ಲಿ ಕಂಪನಿಗಳ ಮುಖ್ಯಸ್ಥರು ದಯವಿಟ್ಟು ಕಿವಿಗೊಡಬೇಕು. ಜಂಪ್ ಸೀಟಿಗೆ ದಾರಿ ತೆರೆದರೆ, ಡ್ಯೂಟಿ ಮೇಲೆ ಒಂದೂರಿಂದ ಇನ್ನೊಂದೂರಿಗೆ ಕಳಿಸುವ ಕ್ರೂವನ್ನೂ ಅಲ್ಲೇ ಕೂರಿಸಿ, ಅವರ ಸೀಟನ್ನು ಪ್ರಯಾಣಿಕರಿಗೆ ಮಾರುವ ಆಸೆ ಹುಟ್ಟಬಹುದು. ಅದು ಆಗಬಾರದು. ಆ ಸೀಟಿನ ಕುಶನ್ ತೆಳ್ಳಗೆ, ಬೆನ್ನು ಗೋಡೆಯ ಹಾಗೆ ನೇರ. ಹಿಂದಕ್ಕೆ ಒರಗಲಾಗುವುದಿಲ್ಲ. ಪಕ್ಕದಲ್ಲೇ ಟಾಯ್ಲೆಟ್ ಬಾಗಿಲು, ಮುಂದೆ ಟ್ರಾಲಿ ಸದ್ದು. ಅರ್ಧ ಗಂಟೆ ಕೂತರೆ ಸೊಂಟ ಹಿಡಿಯುತ್ತದೆ. 2008ರಲ್ಲಿ ಅಮೆರಿಕದ ಜೆಟ್‌ಬ್ಲೂ ಕಂಪನಿಯ ಮೇಲೆ ಒಬ್ಬ ಪ್ರಯಾಣಿಕ ದಾವೆ ಹೂಡಿದ. ಸಿಬ್ಬಂದಿಯ ಪಾಸ್‌ನಲ್ಲಿ ಸ್ಯಾನ್ ಡಿಯಾಗೊದಿಂದ ನ್ಯೂಯಾರ್ಕ್‌ಗೆ ಹೋಗುತ್ತಿದ್ದವನು. ಡ್ಯೂಟಿ ಇಲ್ಲದ ಕ್ರೂ ಒಬ್ಬರು ಜಂಪ್ ಸೀಟಿನಲ್ಲಿ ಕೂರಲಾಗದೆ ಇವನ ಸೀಟು ಕೇಳಿದರು, ಜಂಪ್ ಸೀಟಿನಲ್ಲಿ ಇವನು ಕೂರುವಂತಿರಲಿಲ್ಲ, ಕೊನೆಗೆ ಪೈಲಟ್ ಟಾಯ್ಲೆಟ್‌ನಲ್ಲಿ ಇರು ಅಂದರು ಅನ್ನುವುದು ಅವನ ದೂರು. ಸ್ವಂತ ತುರ್ತಿಗೆ ಬರುವವರು ಈ ಕಷ್ಟ ಒಪ್ಪಿಕೊಂಡೇ ಕೂರುತ್ತಾರೆ. ಕಂಪನಿ ಕಳಿಸುವವರಿಗೆ ಸರಿಯಾದ ಸೀಟು ಕೊಡಬೇಕು.

ಜಂಪ್ ಸೀಟಿನಲ್ಲಿ ಕಳೆದ ಗಂಟೆಯನ್ನು ವಿಶ್ರಾಂತಿ ಅಂತ ಎಲ್ಲೂ ಬರೆಯಬಾರದು. 2009ರ ಫೆಬ್ರವರಿ 12ರಂದು ಅಮೆರಿಕದ ಬಫಲೋ ಹತ್ತಿರ ಕೋಲ್ಗನ್ ಏರ್ ಕಂಪನಿಯ ವಿಮಾನ ಬಿದ್ದು 50 ಜನ ಸತ್ತರು. ಅದರ ಸಹಪೈಲಟ್ ಹಿಂದಿನ ರಾತ್ರಿ ಪೂರ್ತಿ ಸಿಯಾಟಲ್‌ನಿಂದ ನ್ಯೂವರ್ಕ್‌ಗೆ ಪ್ರಯಾಣ ಮಾಡಿ ಡ್ಯೂಟಿಗೆ ಬಂದಿದ್ದಳು. ಅಪಘಾತದ ಮುಖ್ಯ ಕಾರಣ ಬೇರೆ. ಆದರೆ ಮನೆಯಿಂದ ಬೇಸ್‌ವರೆಗಿನ ಆ ರಾತ್ರಿಗಳ ಬಗ್ಗೆ ಅಲ್ಲಿ ಎಲ್ಲರೂ ಮಾತಾಡತೊಡಗಿದ್ದು ಆಮೇಲೆಯೇ. ನಮ್ಮಲ್ಲಿ ಅಂಥದ್ದು ಆಗುವವರೆಗೆ ಕಾಯುವುದು ಬೇಡ. ಜಂಪ್ ಸೀಟಿನಲ್ಲಿ ಬಂದವರಿಗೆ ಡ್ಯೂಟಿಗೆ ಮುಂಚೆ ಪೂರ್ತಿ ವಿಶ್ರಾಂತಿ ಸಿಗಲೇಬೇಕು.

ಹಾಗಾದರೆ ಅಕೌಂಟ್ಸ್‌ನ ಹುಡುಗ? ಚೆಕ್-ಇನ್ ಕೌಂಟರಿನವರು, ಬ್ಯಾಗೇಜ್ ಎತ್ತುವವರು, ರಾತ್ರಿಯಿಡೀ ವಿಮಾನ ರಿಪೇರಿ ಮಾಡುವವರು? ಅವರಿಗೂ ಅಪ್ಪ ಅಮ್ಮ ಇದ್ದಾರೆ. ಅವರಿಗೆ ಜಂಪ್ ಸೀಟ್ ಬೇಡ, ಸೀಟು ಕೊಡಿ. ಸಾವು, ಕಾಯಿಲೆ, ಮನೆಯ ಮದುವೆ ಇಂಥದಕ್ಕೆ ಪ್ರತಿ ನೌಕರನಿಗೂ ವರ್ಷಕ್ಕೆ ಒಂದೋ ಎರಡೋ ಖಚಿತ ಟಿಕೆಟ್ ಕೊಡಿ, ಸಬ್‌ಲೋಡ್ ಅಲ್ಲದ್ದು. ನೂರಾರು ವಿಮಾನ ಹಾರಿಸುವ ಕಂಪನಿಗೆ ಇದು ಭಾರವೇ? ಇದಕ್ಕೆ ಡಿಜಿಸಿಎ, ಅಂದರೆ ಮಹಾನಿರ್ದೇಶಕರ ಕಚೇರಿಯ ಒಪ್ಪಿಗೆಯೂ ಬೇಡ. ಕಂಪನಿಯವರು ನಾಳೆಯೇ ಮಾಡಬಹುದು. ಇದೊಂದು ಇದ್ದಿದ್ದರೆ ಆ ಹುಡುಗ ಅವತ್ತು ನನ್ನ ಬಾಗಿಲಿಗೆ ಬಂದು ಬೇಡುತ್ತಿರಲಿಲ್ಲ, ನಾನು ಅವನನ್ನು ತಿರುಗಿಸಿ ಕಳಿಸಬೇಕಾಗುತ್ತಿರಲಿಲ್ಲ.

ಮಾನ್ಯ ಮಹಾನಿರ್ದೇಶಕರೇ, ನಿಮ್ಮ ಕ್ಯಾಬಿನ್ ಸುರಕ್ಷತೆಯ ಇನ್‌ಸ್ಪೆಕ್ಟರ್‌ಗಳು ನಮ್ಮ ಪಕ್ಕದಲ್ಲಿ ಕೂತು ಬಂದವರು. ಗೇಟಿನಲ್ಲಿ ಏನು ನಡೆಯುತ್ತದೆ ಅಂತ ಅವರನ್ನು ಕೇಳಿ. ಕೆಲಸದಲ್ಲಿರುವ ಇನ್‌ಚಾರ್ಜ್‌ಗಳನ್ನು ಕರೆದು, ಅವರ ಕಂಪನಿಯವರು ಎದುರಿಗಿಲ್ಲದ ಕೋಣೆಯಲ್ಲಿ ಮಾತಾಡಿಸಿ. ಆಮೇಲೆ ಒಂದು ಕರಡು ಮಾಡಿ ಸಾರ್ವಜನಿಕರ ಮುಂದೆ ಇಡಿ. ಎರಡು ಪುಟ ಸಾಕು. ಅದನ್ನು ಬೆಂಗಳೂರು, ದೆಹಲಿ, ಮುಂಬೈ ಎಲ್ಲ ಕಡೆ ಗೇಟಿನವರ ಕೈಗೂ ಕೊಡಿಸಿ. ರಾತ್ರಿ ಹನ್ನೊಂದಕ್ಕೆ ಮೇಲಿನವರ ಫೋನ್ ಎತ್ತದಿದ್ದರೂ, ಡ್ಯೂಟಿ ಮ್ಯಾನೇಜರ್ ಆ ಹಾಳೆ ನೋಡಿ ಹೂಂ ಅಥವಾ ಊಹೂಂ ಅನ್ನುವಂತಿರಬೇಕು. ಕರಡು ಬಂದ ದಿನವೇ ನನ್ನ ಸಲಹೆ ಬರೆದು ಕಳಿಸುತ್ತೇನೆ. ದೆಹಲಿಗೆ ಬಾ ಅಂದರೆ ನನ್ನ ಖರ್ಚಿನಲ್ಲೇ ಬಂದು ಹೇಳುತ್ತೇನೆ.

ಇತಿ,
ನಿಮ್ಮ ವಿಶ್ವಾಸಿ,
ಒಬ್ಬ ಮಾಜಿ ಕ್ಯಾಬಿನ್ ಇನ್‌ಚಾರ್ಜ್
ಮಂಗಳೂರು